ಬಯಾಪ್ಸಿ ತುಂಡಿಗೆ ಇನ್ನೊಂದು ಪ್ರಶ್ನೆ: ಸಾರ್ಕಾಯ್ಡೋಸಿಸ್ ಹೋಗ್ತದಾ, ಉಳೀತದಾ?

ಶಿರಸಿಯಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದರು. ಅವತ್ತು ಪರದೆಯ ಮೇಲೆ ಚಿತ್ರಗಳಿದ್ದವು, ಇಲ್ಲಿ ಅವಿಲ್ಲ. ಹಾಗಾಗಿ ಒಂದೆರಡು ಕಡೆ ಜಾಸ್ತಿ ಬಿಡಿಸಿ ಬರೆದಿದ್ದೇನೆ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ನಾನು ಪೆಥಾಲಜಿಸ್ಟ್. ನಮ್ಮ ಹತ್ತಿರ ರೋಗಿ ಬರುವುದಿಲ್ಲ, ರೋಗಿಯ ದೇಹದ ತುಂಡು ಬರುತ್ತದೆ. ಅದನ್ನು ನೋಡಿ ಇದು ಇಂಥ ಕಾಯಿಲೆ ಅಂತ ಬರೆದು ಕೊಡುವುದು ನಮ್ಮ ಕೆಲಸ. ಆದರೆ ಈ ಕಾಯಿಲೆಯಲ್ಲಿ ಮಾತ್ರ ಆಗಾಗ ರೋಗಿಗಳೇ ಹುಡುಕಿಕೊಂಡು ಬರುತ್ತಾರೆ, ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು. ಹೆಚ್ಚುಕಮ್ಮಿ ಎಲ್ಲರೂ ಕೇಳುವುದು ಒಂದೇ. 'ಡಾಕ್ಟ್ರೇ, ಇದು ತನ್ನಷ್ಟಕ್ಕೇ ಹೋಗ್ತದಾ, ಉಳೀತದಾ?' ಇಷ್ಟು ನ್ಯಾಯವಾದ ಪ್ರಶ್ನೆಗೆ ಸ್ಲೈಡ್ ನೋಡಿ ಉತ್ತರ ಹೇಳಲು ಇವತ್ತಿಗೂ ಆಗುತ್ತಿಲ್ಲ. ಉತ್ತರ ಆ ತುಂಡಿನಲ್ಲೇ ಇರಬಹುದು ಅಂತ ಜಗತ್ತಿನ ಹಲವು ಕಡೆ ಹುಡುಕುತ್ತಿದ್ದಾರೆ. ಆ ಹುಡುಕಾಟದ ಬಗ್ಗೆ, ಅದರಲ್ಲಿ ನಮ್ಮ ಜಿಲ್ಲೆಯವರು ಮಾಡಬಹುದಾದ ಒಂದು ಕೆಲಸದ ಬಗ್ಗೆ ನಾನು ಮಾತಾಡಿದ್ದು.

ಸಾರ್ಕಾಯ್ಡೋಸಿಸ್ ಅಂದರೇನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ದೇಹದ ಒಳಗೆ ಅಲ್ಲಲ್ಲಿ ಸಣ್ಣ ಸಣ್ಣ ಗಂಟುಗಳಾಗುವ ಕಾಯಿಲೆ ಇದು. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನರಿಗೆ ಶ್ವಾಸಕೋಶದಲ್ಲಿ, ಎದೆಯ ನಡುವಿನ ಲಿಂಫ್ ಗ್ರಂಥಿಗಳಲ್ಲಿ ಬರುತ್ತದೆ. ಚರ್ಮ, ಕಣ್ಣು, ಲಿವರ್‌ಗೂ ಬರಬಹುದು. ಕೆಲವರಿಗೆ ಹೃದಯಕ್ಕೆ, ನರಕ್ಕೆ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಲಂಡನ್ನಿನ ಜೊನಾಥನ್ ಹಚಿನ್ಸನ್ 1877ರಲ್ಲೇ ಚರ್ಮದ ಮೇಲಿನ ಇಂಥ ಕಲೆಗಳ ಬಗ್ಗೆ ಬರೆದಿದ್ದರು. ನಾರ್ವೆಯ ಸೀಸರ್ ಬೋಕ್ 1899ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ವಿವರಿಸಿ 'ಸಾರ್ಕಾಯ್ಡ್' ಅಂತ ಕರೆದರು. ಅಷ್ಟು ವರ್ಷ ಕಳೆದರೂ ಯಾಕೆ ಬರುತ್ತದೆ ಅಂತ ಗೊತ್ತಾಗಿಲ್ಲ.

ಈಗ ಗಂಟಿನ ಒಳಗೆ ಹೋಗೋಣ. ಇದಕ್ಕೆ ಗ್ರಾನ್ಯುಲೋಮಾ ಅನ್ನುತ್ತೇವೆ. ಬ್ರಾಂಕೋಸ್ಕೋಪ್ (ಉಸಿರುನಾಳದೊಳಗೆ ಇಳಿಸಿ ನೋಡುವ ಕೊಳವೆ) ಹಾಕಿ ಶ್ವಾಸಕೋಶದಿಂದ ತೆಗೆದ ತುಂಡು ಎಷ್ಟಿರುತ್ತದೆ ಗೊತ್ತಾ? ಒಂದೆರಡು ಮಿಲಿಮೀಟರ್. ಸಾಸಿವೆ ಕಾಳಿನಷ್ಟೂ ಇರುವುದಿಲ್ಲ ಕೆಲವು ಸಲ. ಅದನ್ನು ಫಾರ್ಮಲಿನ್‌ನಲ್ಲಿ ಹಾಕಿ, ಆಮೇಲೆ ಮೇಣದಲ್ಲಿ ಅಚ್ಚು ಹಾಕಿ, ಒಂದು ಮಿಲಿಮೀಟರಿನ ಇನ್ನೂರೈವತ್ತನೇ ಭಾಗದಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತೇವೆ. ನೋಡಿದರೆ ನಸುಗೆಂಪು ಬಣ್ಣದ ಉದ್ದುದ್ದ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ದುಂಡಗೆ ಕೂತಿರುತ್ತವೆ. ಎಲ್ಲೆ ಎಷ್ಟು ಸ್ಪಷ್ಟ ಅಂದರೆ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ. ನಡುನಡುವೆ ಹತ್ತಾರು ನ್ಯೂಕ್ಲಿಯಸ್ ಇರುವ ದೈತ್ಯ ಕೋಶಗಳು. ಅಂಚಿನಲ್ಲಿ ನೀಲಿ ಚುಕ್ಕಿಗಳ ಹಾಗೆ ಕಾಣುವ ಬಿಳಿ ರಕ್ತಕಣಗಳು, ಅಂದರೆ ಲಿಂಫೋಸೈಟ್‌ಗಳು. ಅಪರೂಪಕ್ಕೆ ದೈತ್ಯ ಕೋಶದ ಹೊಟ್ಟೆಯಲ್ಲಿ ನಕ್ಷತ್ರದ ಆಕಾರ ಕಾಣುತ್ತದೆ, ಆಸ್ಟರಾಯ್ಡ್ ಬಾಡಿ ಅಂತ. ನೋಡೋದಕ್ಕೆ ತುಂಬಾ ಚಂದ. ಆದರೆ ಬೇರೆ ಕಾಯಿಲೆಗಳ ಗ್ರಾನ್ಯುಲೋಮಾದಲ್ಲೂ ಅದು ಸಿಗುವುದರಿಂದ ಅದನ್ನು ನಂಬಿ ಏನೂ ಹೇಳಲಾಗುವುದಿಲ್ಲ.

ಶಿರಸಿಯ ಸಭೆಯಲ್ಲಿ ತೋಟದವರೇ ಜಾಸ್ತಿ ಇದ್ದದ್ದರಿಂದ ಹೀಗೆ ಹೇಳಿದೆ. ತೋಟಕ್ಕೆ ಕಾಡುಹಂದಿ ನುಗ್ಗಿದರೆ ಊರವರು ಸೇರಿ ಸುತ್ತುಗಟ್ಟುತ್ತಾರಲ್ಲ, ದೇಹ ಮಾಡುವುದೂ ಅದನ್ನೇ. ಕರಗಿಸಲಾಗದ ವಸ್ತು ಅಥವಾ ರೋಗಾಣು ಒಳಗೆ ಬಂದರೆ ಕೋಶಗಳು ಸುತ್ತುಗಟ್ಟಿ ನಿಲ್ಲುತ್ತವೆ. ಕ್ಷಯದಲ್ಲಿ ನಡುವೆ ಹಂದಿ ಇರುತ್ತದೆ, ಅಂದರೆ ಟಿಬಿ ಬ್ಯಾಕ್ಟೀರಿಯಾ. ಸಾರ್ಕಾಯ್ಡೋಸಿಸ್‌ನಲ್ಲಿ ಜನ ಸುತ್ತುಗಟ್ಟಿ ನಿಂತಿದ್ದಾರೆ, ನಡುವೆ ನೋಡಿದರೆ ನಮಗೆ ಏನೂ ಕಾಣುವುದಿಲ್ಲ. ರೋಗಿ ಕೇಳುವುದು ಅದರ ಮುಂದಿನದನ್ನು. ಈ ಜನ ಸ್ವಲ್ಪ ದಿನ ನಿಂತು ಮನೆಗೆ ಹೋಗುತ್ತಾರಾ, ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತಾರಾ, ಅಥವಾ ನಿಂತಲ್ಲೇ ಕಲ್ಲು ತಂದು ಗೋಡೆ ಕಟ್ಟಿಬಿಡುತ್ತಾರಾ? ಗೋಡೆ ಅಂದರೆ ಫೈಬ್ರೋಸಿಸ್. ಶ್ವಾಸಕೋಶ ನಾರಿನ ಹಾಗೆ ಗಟ್ಟಿಯಾಗುವುದು. ಒಮ್ಮೆ ಆದರೆ ಅದು ವಾಪಸ್ ಮೆತ್ತಗಾಗುವುದಿಲ್ಲ.

ಮೂರೂ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಕೆಲವು ವರ್ಷಗಳಲ್ಲಿ ತಾನಾಗಿಯೇ ಕರಗಿ ಹೋಗುತ್ತದೆ. ನೂರರಲ್ಲಿ ಹತ್ತರಿಂದ ಮೂವತ್ತು ಜನರಿಗೆ ಉಳಿದುಕೊಳ್ಳುತ್ತದೆ. ಮೊದಲ ದಿನ ತುಂಡು ನೋಡಿದರೆ ಇವರು ಯಾರು, ಅವರು ಯಾರು ಅಂತ ಗೊತ್ತಾಗುವುದಿಲ್ಲ. ಎಲ್ಲರದ್ದೂ ಒಂದೇ ಥರ ದುಂಡಗಿನ ಗಂಟು.

ಗೊತ್ತಾದರೆ ಏನು ಲಾಭ ಅಂತ ಕೇಳಬಹುದು. ಲಾಭ ದೊಡ್ಡದು. ಇದಕ್ಕೆ ಕೊಡುವ ಮೊದಲ ಔಷಧ ಸಾಮಾನ್ಯವಾಗಿ ಪ್ರೆಡ್ನಿಸೋಲೋನ್, ಅಂದರೆ ಸ್ಟಿರಾಯ್ಡ್. ತಿಂಗಳುಗಟ್ಟಲೆ ತಗೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮುಖ ಊದುತ್ತದೆ. ತಾನಾಗಿಯೇ ಗುಣವಾಗುವವರಿಗೆ ಇದನ್ನು ಕೊಟ್ಟರೆ ಸುಮ್ನೆ ಹಿಂಸೆ. ಗೋಡೆ ಕಟ್ಟುವ ಜಾತಿಯವರಿಗೆ 'ನೋಡೋಣ, ಕಾಯೋಣ' ಅಂದರೆ ಸಮಯ ಕೈತಪ್ಪಿ ಹೋಗುತ್ತದೆ. ಹೃದಯ, ಕಣ್ಣು, ನರಕ್ಕೆ ಬಂದವರಿಗೆ ಕಾಯುವ ಪ್ರಶ್ನೆ ಇಲ್ಲ, ಸಾಮಾನ್ಯವಾಗಿ ತಕ್ಷಣ ಔಷಧ ಶುರು ಮಾಡುತ್ತಾರೆ. ಕಷ್ಟ ಇರುವುದು ಬರೀ ಶ್ವಾಸಕೋಶಕ್ಕೆ ಬಂದು, ಸ್ವಲ್ಪ ಕೆಮ್ಮು, ಸ್ವಲ್ಪ ಸುಸ್ತು ಇರುವವರದ್ದು. ಎಷ್ಟು ಡೋಸ್ ಅನ್ನುವುದರ ಬಗ್ಗೆ ನಮ್ಮ ದೇಶದಲ್ಲೇ ಒಳ್ಳೆಯ ಕೆಲಸ ಆಗಿದೆ. ಚಂಡೀಗಢದ ಪಿಜಿಐ ಅನ್ನುವ ದೊಡ್ಡ ವೈದ್ಯಕೀಯ ಸಂಸ್ಥೆಯವರು 86 ರೋಗಿಗಳಲ್ಲಿ ದಿನಕ್ಕೆ 40 ಮಿಲಿಗ್ರಾಂನಿಂದ ಶುರು ಮಾಡುವುದನ್ನೂ 20 ಮಿಲಿಗ್ರಾಂನಿಂದ ಶುರು ಮಾಡುವುದನ್ನೂ ಹೋಲಿಸಿದರು. ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಇಷ್ಟು ವರ್ಷ ಸುಮ್ನೆ ಜಾಸ್ತಿ ಡೋಸ್ ತಿಂದವರನ್ನು ನೆನೆದರೆ ಇಂಥ ಅಧ್ಯಯನ ಎಷ್ಟು ಬೇಕಿತ್ತು ಅಂತ ಗೊತ್ತಾಗುತ್ತದೆ. ಆದರೆ ಯಾರಿಗೆ ಸ್ಟಿರಾಯ್ಡೇ ಬೇಡ ಅನ್ನುವುದನ್ನು ಅದು ಹೇಳುವುದಿಲ್ಲ.

ಈಗ ನಾವು ಯಾವುದನ್ನು ನೋಡಿ ಅಂದಾಜು ಮಾಡುತ್ತೇವೆ? ಎದೆ ಎಕ್ಸರೇ. ಇಂಗ್ಲೆಂಡಿನ ಸ್ಕ್ಯಾಡಿಂಗ್ 1961ರಲ್ಲಿ ಮಾಡಿದ ಹಂತಗಳನ್ನೇ ಇವತ್ತಿಗೂ ಬಳಸುತ್ತೇವೆ. ಬರೀ ಗ್ರಂಥಿ ಊದಿದ್ದರೆ ಒಂದನೇ ಹಂತ, ಅದು 55ರಿಂದ 90 ಶೇಕಡಾ ಜನರಲ್ಲಿ ತಾನಾಗಿಯೇ ಹೋಗುತ್ತದೆ. ಗ್ರಂಥಿಯ ಜೊತೆ ಶ್ವಾಸಕೋಶದಲ್ಲೂ ಮಚ್ಚೆ ಇದ್ದರೆ 40ರಿಂದ 70. ಬರೀ ಶ್ವಾಸಕೋಶದ ಮಚ್ಚೆ ಇದ್ದರೆ 10ರಿಂದ 20. ನಾಲ್ಕನೇ ಹಂತ ಅಂದರೆ ಗೋಡೆ ಎದ್ದಾಯಿತು, ಅದು ಹೋಗುವುದಿಲ್ಲ. '55ರಿಂದ 90' ಅನ್ನುವುದನ್ನು ಎದುರಿಗೆ ಕೂತ ಮನುಷ್ಯನಿಗೆ ಹೇಗೆ ಹೇಳುವುದು? ಅವನಿಗೆ ಬೇಕಾದ್ದು ತನ್ನ ಲೆಕ್ಕ, ಊರಿನ ಲೆಕ್ಕ ಅಲ್ಲ.

ರಕ್ತ ಪರೀಕ್ಷೆ ಇದೆಯಲ್ಲ ಅನ್ನುತ್ತಾರೆ. ಎಸಿಇ ಅಂತ ಒಂದು ಕಿಣ್ವದ್ದು, ಗಂಟಿನ ಕೋಶಗಳೂ ಅದನ್ನು ಮಾಡುತ್ತವೆ. ಈ ಪರೀಕ್ಷೆ 1975ರಿಂದ ಬಳಕೆಯಲ್ಲಿದೆ. ತುಂಬಾ ಜನ ಈ ರಿಪೋರ್ಟ್ ಹಿಡಿದುಕೊಂಡು ಗಾಬರಿಯಾಗಿ ಬರುತ್ತಾರೆ. ಕಾಯಿಲೆ ಇದ್ದೂ ಎಸಿಇ ನಾರ್ಮಲ್ ಇರುವವರು ಬೇಕಾದಷ್ಟು ಜನ. ಬಿಪಿಗೆ ಅಂತ ರಾಮಿಪ್ರಿಲ್, ಎನಲಾಪ್ರಿಲ್ ತಗೊಳ್ಳುತ್ತಿದ್ದರೆ ಅದರಿಂದಲೇ ಇದು ಕಡಿಮೆ ಬರುತ್ತದೆ. ಅದು ಏರಿತು ಇಳಿಯಿತು ಅಂತ ನಿದ್ದೆಗೆಡಬೇಡಿ.

ಮುಂದಿನ ದಾರಿ ಹೇಳಬಲ್ಲ ಗುರುತು ಸಿಗುವುದೇ ಇಲ್ಲ ಅಂತಲ್ಲ. ಸ್ವೀಡನ್‌ನಲ್ಲಿ ಸಿಕ್ಕಿದೆ. ಅಲ್ಲಿ ಜ್ವರ, ಕಾಲಿನ ಮೇಲೆ ಕೆಂಪು ಗಂಟು, ಪಾದದ ಕೀಲು ಊತ, ಎದೆಯ ಗ್ರಂಥಿ ಊತ ಒಟ್ಟಿಗೆ ಬರುವ ಲೋಫ್‌ಗ್ರೆನ್ ಸಿಂಡ್ರೋಮ್ ಅನ್ನುವ ಬಗೆ ಜಾಸ್ತಿ. ಅಂಥವರಲ್ಲಿ ಡಿಆರ್‌ಬಿ1*03 ಅನ್ನುವ ಎಚ್‌ಎಲ್‌ಎ ಜೀನ್ (ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟದ್ದು) ಇದ್ದವರಲ್ಲಿ ಶೇಕಡಾ 95ರಷ್ಟು ಜನ ಎರಡು ವರ್ಷದೊಳಗೆ ಗುಣವಾದರು, ಇಲ್ಲದವರಲ್ಲಿ ಸುಮಾರು ಅರ್ಧದಷ್ಟು ಮಾತ್ರ. ನೋಡಿ, ಒಂದು ಗುರುತು ಹೀಗೆ ಕೆಲಸ ಮಾಡಬೇಕು! ಆದರೆ ಲೋಫ್‌ಗ್ರೆನ್ ನಮ್ಮ ದೇಶದಲ್ಲಿ ಕಡಿಮೆ. ಸ್ವೀಡನ್ನಿನ ಬೀಗದ ಕೈ ನಮ್ಮ ಬಾಗಿಲಿಗೆ ಹೊಂದುವುದಿಲ್ಲ.

ಹಾಗಾಗಿ ತುಂಡಿಗೇ ವಾಪಸ್ ಬರಬೇಕು. ಗಂಟಿನ ಆಕಾರ ನೋಡುವುದು ಬಿಟ್ಟು, ಒಳಗಿನ ಕೋಶಗಳು ಏನು ಮಾಡುತ್ತಿವೆ ಅಂತ ನೋಡಬೇಕು. ಇದರಲ್ಲಿ ನನಗೆ ತುಂಬಾ ಆಸೆ ಹುಟ್ಟಿಸಿದ್ದು ವಿಯೆನ್ನಾದವರ ಕೆಲಸ, 2017ರದ್ದು. ಎಂಟಾರ್ ಅಂತ ಕೋಶದೊಳಗೆ ಒಂದು ಸ್ವಿಚ್ ಇದೆ. ಆಹಾರ ಇದೆ, ಬೆಳೆ, ಹೆಚ್ಚಾಗು ಅಂತ ಕೋಶಕ್ಕೆ ಹೇಳುವುದು ಅದು. ಇಲಿಗಳ ಮ್ಯಾಕ್ರೋಫೇಜ್ ಕೋಶಗಳಲ್ಲಿ (ರೋಗಾಣುಗಳನ್ನು ನುಂಗುವ, ಗಂಟು ಕಟ್ಟುವ ಕೋಶಗಳು ಇವೇ) ಆ ಸ್ವಿಚ್ ಆರಿಸುವ ಜೀನ್ ಒಂದನ್ನು ಅವರು ತೆಗೆದುಹಾಕಿದರು. ಸ್ವಿಚ್ ಉರಿಯುತ್ತಲೇ ಉಳಿಯಿತು. ಯಾವ ರೋಗಾಣುವನ್ನೂ ಕೊಡದೆ ಇಲಿಗಳಿಗೆ ಗ್ರಾನ್ಯುಲೋಮಾ ಬಂತು! ಎವರೊಲಿಮಸ್ ಅನ್ನುವ ಔಷಧದಿಂದ ಸ್ವಿಚ್ ಆರಿಸಿದಾಗ ಗಂಟುಗಳು ಕರಗಿದವು. ಆಮೇಲೆ ಮನುಷ್ಯರ ಬಯಾಪ್ಸಿ ತುಂಡುಗಳನ್ನು ತೆಗೆದು ನೋಡಿದರು. ಕಾಯಿಲೆ ಮುಂದುವರಿದವರ ಗಂಟುಗಳಲ್ಲಿ ಈ ಸ್ವಿಚ್ ಉರಿಯುತ್ತಿರುವ ಗುರುತು ಜಾಸ್ತಿ ಇತ್ತು. ನಾವು ಕೇಳುತ್ತಿದ್ದ ಪ್ರಶ್ನೆಗೆ ತುಂಡೇ ಉತ್ತರ ಹೇಳಲು ಬಾಯಿ ತೆರೆದ ಹಾಗಿತ್ತು ಅದು. ಅದೇ ಊರಿನಲ್ಲಿ ಚರ್ಮದ ಸಾರ್ಕಾಯ್ಡೋಸಿಸ್ ಇದ್ದ 10 ಜನರಿಗೆ ಅದೇ ಜಾತಿಯ ಸಿರೊಲಿಮಸ್ ಅನ್ನು ಬಾಯಿಯ ಮೂಲಕ ಕೊಟ್ಟು ನೋಡಿದರು. 7 ಜನರಿಗೆ ಕಡಿಮೆಯಾಯಿತು. ಮುಲಾಮಾಗಿ ಹಚ್ಚಿದರೆ ಪ್ರಯೋಜನವಾಗಲಿಲ್ಲ. 10 ಜನ ಅಂದರೆ ಬಹಳ ಕಡಿಮೆ, ಇದನ್ನು ಕೇಳಿ ಯಾರೂ ಔಷಧದಂಗಡಿಗೆ ಓಡಬೇಡಿ.

ಇನ್ನೊಂದು ದಾರಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರದ್ದು. ಗ್ರಾನ್ಯುಲೋಮಾದ ಕೋಶಗಳಲ್ಲಿ ಜಾಕ್-ಸ್ಟ್ಯಾಟ್ ಅನ್ನುವ ಸಂದೇಶದ ಸರಪಳಿ ಚುರುಕಾಗಿರುವುದನ್ನು ಅವರು ಚರ್ಮದ ತುಂಡಿನಲ್ಲಿ ತೋರಿಸಿದರು. ಅದನ್ನು ತಡೆಯುವ ಟೊಫಾಸಿಟಿನಿಬ್ ಕೊಟ್ಟಾಗ ಕಲೆಗಳೂ ಹೋದವು, ತುಂಡಿನಲ್ಲಿ ಆ ಗುರುತೂ ಹೋಯಿತು. ಜಪಾನಿನವರದ್ದು ಬೇರೆಯೇ ದಾರಿ. ಎಲ್ಲರ ಚರ್ಮದ ಮೇಲೂ ಇರುವ, ಮೊಡವೆಗೆ ಸಂಬಂಧಪಟ್ಟ ಒಂದು ಬ್ಯಾಕ್ಟೀರಿಯಾದ ಅಂಶವನ್ನು ಅವರು ಗ್ರಾನ್ಯುಲೋಮಾದ ಒಳಗೆ ಪ್ರತಿಕಾಯ ಬಳಸಿ ಹುಡುಕಿ ತೆಗೆದಿದ್ದಾರೆ. ಅದೇ ಕಾರಣವೋ, ಸುಮ್ನೆ ಅಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಅನ್ನುವ ವಾದ ಮುಗಿದಿಲ್ಲ. ಈಗಂತೂ ತುಂಡಿನ ಯಾವ ಜಾಗದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಅಂತ ನಕ್ಷೆ ಬರೆಯುವ ತಂತ್ರ ಬಂದಿದೆ. ಗಂಟಿನ ನಡುವೆ ಏನು, ಅಂಚಿನಲ್ಲಿ ಏನು ಅಂತ ಬೇರೆ ಬೇರೆ ಓದಬಹುದು. ಗೋಡೆ ಶುರುವಾಗುವುದು ಅಂಚಿನಲ್ಲಿ, ಹಾಗಾಗಿ ನನ್ನ ಕಣ್ಣು ಯಾವಾಗಲೂ ಅಂಚಿನ ಮೇಲೇ.

ಇಷ್ಟೆಲ್ಲ ಇದ್ದೂ ಯಾಕೆ ಆಸ್ಪತ್ರೆಯಲ್ಲಿ ಮಾಮೂಲಾಗಿ ಮಾಡುವ ಒಂದು ಪರೀಕ್ಷೆ ಬಂದಿಲ್ಲ? ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಿ, ಯಾಕೆಂದರೆ ನಿಮ್ಮ ಪಾಲು ಇರುವುದು ಇಲ್ಲೇ.

ಭವಿಷ್ಯ ಹೇಳುವ ಗುರುತು ಹುಡುಕಬೇಕಾದರೆ ಎರಡು ಬೇಕು. ಮೊದಲ ದಿನದ ತುಂಡು, ಮತ್ತೆ ಆ ಮನುಷ್ಯ ಐದು ವರ್ಷದ ಮೇಲೆ ಹೇಗಿದ್ದಾನೆ ಅನ್ನುವ ಸುದ್ದಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಎರಡೂ ವ್ಯರ್ಥ. ಗುಣವಾದವರು ಆಸ್ಪತ್ರೆಗೆ ವಾಪಸ್ ಬರುವುದಿಲ್ಲ, ಬರಬೇಕಾದ ಅಗತ್ಯವೂ ಅವರಿಗೆ ಕಾಣುವುದಿಲ್ಲ. ಬರುವವರು ಉಲ್ಬಣವಾದವರು ಮಾತ್ರ. ಸುಲಭವಾಗಿ ಗುಣವಾಗುವ ಲೋಫ್‌ಗ್ರೆನ್ ಬಗೆಯವರಿಗಂತೂ ಲಕ್ಷಣ ನೋಡಿಯೇ ಗೊತ್ತಾಗುವುದರಿಂದ ಬಯಾಪ್ಸಿಯನ್ನೇ ಮಾಡುವುದಿಲ್ಲ. ಹೀಗಾಗಿ ನಮ್ಮ ಕಪಾಟಿನಲ್ಲಿ ಕಷ್ಟದ ಕೇಸುಗಳ ಕಥೆ ಪೂರ್ತಿ ಇರುತ್ತದೆ, ಗುಣವಾದವರ ಕಥೆ ಅರ್ಧಕ್ಕೇ ನಿಂತಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ವ್ಯತ್ಯಾಸ ಹೇಗೆ ಸಿಗಬೇಕು, ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಕಷ್ಟ. ಕಾರವಾರ, ಅಂಕೋಲಾದ ಕಡೆಯವರು ಗೋವಾಕ್ಕೆ ಹೋಗುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ. ಶಿರಸಿ, ಯಲ್ಲಾಪುರ, ಮುಂಡಗೋಡಿನವರು ಹುಬ್ಬಳ್ಳಿಗೆ. ಎಕ್ಸರೇ ಒಂದು ಊರಲ್ಲಿ, ಬಯಾಪ್ಸಿ ಇನ್ನೊಂದರಲ್ಲಿ, ಔಷಧ ಮತ್ತೊಂದರಲ್ಲಿ. ಎರಡನೇ ಸಲ ಹೋಗುವಾಗ ಮೊದಲಿನ ಫೈಲ್ ಮನೆಯಲ್ಲೇ ಉಳಿದಿರುತ್ತದೆ. ಜಿಲ್ಲೆಗೆ ಒಂದು ಸುಸಜ್ಜಿತ ದೊಡ್ಡಾಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ಅಪಘಾತ, ಹೃದಯಾಘಾತ ಆದಾಗ ಅದರ ನೋವು ಎಲ್ಲರಿಗೂ ಕಾಣುತ್ತದೆ. ಇಂಥ ನಿಧಾನದ ಕಾಯಿಲೆಯಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣದೆ ಆಗುತ್ತಿರುತ್ತದೆ.

ಮತ್ತೆ ಟಿಬಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಗ್ರಂಥಿ ಊದಿದೆ, ಕೆಮ್ಮು ಇದೆ, ತೂಕ ಇಳಿದಿದೆ ಅಂದರೆ ಟಿಬಿ ಅನ್ನುವುದೇ ಮೊದಲು ತಲೆಗೆ ಬರುವುದು, ಬರಬೇಕಾದ್ದೂ ಅದೇ. ಎಷ್ಟೋ ಸಾರ್ಕಾಯ್ಡೋಸಿಸ್ ರೋಗಿಗಳು ಮೊದಲು ಟಿಬಿ ಮಾತ್ರೆಯ ಕೋರ್ಸ್ ಮುಗಿಸಿಯೇ ನಮ್ಮ ಹತ್ತಿರ ಬರುತ್ತಾರೆ. ಟಿಬಿ ಗಂಟಿನ ನಡುವೆ ಕೊಳೆತ ಭಾಗ ಇರುತ್ತದೆ, ಸಾರ್ಕಾಯ್ಡೋಸಿಸ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಶುರುವಿನ ಟಿಬಿಯಲ್ಲಿ ಕೊಳೆತ ಭಾಗ ಕಾಣದೆಯೂ ಇರಬಹುದು. ಅದಕ್ಕೇ ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವುದು, ಅದರ ಜೀನ್ ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಎಲ್ಲ ಮಾಡುವುದು. ಟಿಬಿಗೆ ಅಂತ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಸಾರ್ಕಾಯ್ಡೋಸಿಸ್‌ನಲ್ಲಿ ಹೆಚ್ಚಾಗಿ ನೆಗೆಟಿವ್ ಬರುತ್ತದೆ, ನಮ್ಮಂಥ ದೇಶದಲ್ಲಿ ಅದೂ ಒಂದು ಸುಳಿವು. ಸಂಶೋಧನೆಗೆ ಅಂತ ಒಟ್ಟು ಮಾಡಿದ ತುಂಡುಗಳಲ್ಲಿ ನಾಲ್ಕಾರು ಟಿಬಿ ಸೇರಿಕೊಂಡರೆ ಸಿಗುವ ಗುರುತಿಗೆ ಬೆಲೆ ಇಲ್ಲ. ವಿದೇಶದಲ್ಲಿ ಸಿಕ್ಕ ಗುರುತನ್ನು ಇಲ್ಲಿ ಮತ್ತೆ ಒರೆಗೆ ಹಚ್ಚಲೇಬೇಕು ಅನ್ನುವುದು ಇದಕ್ಕೇ.

ಇನ್ನೊಂದು, ನಮ್ಮ ಲ್ಯಾಬಿನ ಒಳಗಿನ ಮಾತು. ಎಂಟಾರ್ ಸ್ವಿಚ್ ಉರಿಯುತ್ತಿದೆಯಾ ಅಂತ ನೋಡುವುದು ಪ್ರೋಟೀನಿಗೆ ಅಂಟಿಕೊಂಡ ಫಾಸ್ಫೇಟ್ ಗುರುತನ್ನು ಹುಡುಕಿ. ಇದ್ದರೆ ಕಂದು ಬಣ್ಣ ಬರುತ್ತದೆ. ಈ ಗುರುತು ತುಂಬಾ ನಾಜೂಕು. ತುಂಡು ತೆಗೆದ ಮೇಲೆ ಫಾರ್ಮಲಿನ್‌ಗೆ ಹಾಕುವುದು ತಡವಾದರೆ ಅಳಿಸಿ ಹೋಗುತ್ತದೆ. ಆಗ ಸ್ವಿಚ್ ಆರಿತ್ತೋ, ನಾವು ತಡ ಮಾಡಿದ್ದಕ್ಕೆ ಅಳಿಸಿತೋ ಗೊತ್ತಾಗುವುದಿಲ್ಲ. ನನಗೆ ಬಂದ ತುಂಡುಗಳಲ್ಲಿ ಕೆಲವು ಬರೀ ಸಲೈನಿನಲ್ಲಿ ಬಂದಿವೆ. ಕೆಲವು ವಾರಗಟ್ಟಲೆ ಫಾರ್ಮಲಿನ್‌ನಲ್ಲೇ ಕೂತು ಬಂದಿವೆ, ಅದೂ ಹಾಳೇ. ಯಾರನ್ನೂ ದೂರುತ್ತಿಲ್ಲ, ಘಟ್ಟ ಇಳಿದು ಹತ್ತಿ ಬರುವ ದಾರಿ ಗೊತ್ತಲ್ಲ. ಆದರೆ ಬಾಟಲಿಯ ಮೇಲೆ ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬರೆದರೆ ಸಾಕು, ಯಾವ ತುಂಡನ್ನು ನಂಬಬಹುದು ಅಂತ ನಮಗೆ ಗೊತ್ತಾಗುತ್ತದೆ. ಸಭೆಯಲ್ಲಿ ನರ್ಸಿಂಗ್ ಓದುವ ಮಕ್ಕಳು ಇದ್ದರು. ಇದನ್ನು ಬರೆದುಕೊಳ್ಳಿ ಅಂತ ಅವರಿಗೇ ವಿಶೇಷವಾಗಿ ಹೇಳಿದೆ.

ನಾನು ಕೇಳಿಕೊಂಡದ್ದು ಇಷ್ಟು. ನಿಮಗೋ ನಿಮ್ಮ ಮನೆಯವರಿಗೋ ಈ ಕಾಯಿಲೆ ಇದ್ದು ಗುಣವಾಗಿದ್ದರೆ, ವರ್ಷಕ್ಕೊಮ್ಮೆ ಹಳೆಯ ಡಾಕ್ಟರ ಹತ್ತಿರ ಹೋಗಿ 'ಚೆನ್ನಾಗಿದ್ದೇನೆ' ಅಂತ ಹೇಳಿ ಬನ್ನಿ, ಅದನ್ನು ಅವರು ಫೈಲಿನಲ್ಲಿ ಬರೆಯಲಿ. ಆರೋಗ್ಯವಾಗಿರುವ ನಿಮ್ಮ ಸುದ್ದಿಯೇ ನಮಗೆ ಕೊರತೆ ಇರುವುದು. ನಿಮ್ಮ ತುಂಡನ್ನು ಸಂಶೋಧನೆಗೆ ಬಳಸಬಹುದಾ ಅಂತ ಯಾರಾದರೂ ಒಪ್ಪಿಗೆ ಪತ್ರ ತಂದರೆ ಓದಿ, ಪ್ರಶ್ನೆ ಕೇಳಿ. ಬೇಡ ಅನ್ನುವ ಹಕ್ಕು ನಿಮಗಿದೆ, ಅದರಿಂದ ಚಿಕಿತ್ಸೆಗೆ ತೊಂದರೆ ಆಗಬಾರದು.

ಪ್ರಶ್ನೆಗಳಿಗೆ ಬರುತ್ತೇನೆ. ಬನವಾಸಿ ಕಡೆಯ ಹಿರಿಯರೊಬ್ಬರು ಅಡಿಕೆ ಒಣಗಿಸುವ ಹೊಗೆ, ಬೂಸ್ಟು ಹಿಡಿದ ಹುಲ್ಲಿನಿಂದ ಇದು ಬರುತ್ತದಾ ಅಂತ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಬೂಸ್ಟಿನ ಧೂಳು ವರ್ಷಗಟ್ಟಲೆ ಉಸಿರಿಗೆ ಹೋದರೆ ಬರುವುದು ಇನ್ನೊಂದು ಕಾಯಿಲೆ, ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಅದರಲ್ಲೂ ಗ್ರಾನ್ಯುಲೋಮಾ ಆಗುತ್ತದೆ, ಆದರೆ ಸಡಿಲವಾಗಿ, ಅಂಚು ಸ್ಪಷ್ಟ ಇಲ್ಲದೆ, ಸಣ್ಣ ಉಸಿರುನಾಳಗಳ ಸುತ್ತ. ಅದಕ್ಕೆ ಮೊದಲ ಔಷಧ ಧೂಳಿನಿಂದ ದೂರ ಇರುವುದು. ಡಾಕ್ಟರಿಗೆ ನಿಮ್ಮ ಕೆಲಸ ಏನು, ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ ಏನು ಮಾಡುತ್ತೀರಿ ಅಂತ ತಪ್ಪದೆ ಹೇಳಿ. ಬಯಾಪ್ಸಿ ಚೀಟಿಯಲ್ಲಿ ಅದು ಇದ್ದರೆ ನಾವು ನೋಡುವ ದೃಷ್ಟಿಯೇ ಬೇರೆಯಾಗುತ್ತದೆ.

ಒಬ್ಬ ಅಕ್ಕ ವಿಟಮಿನ್ ಡಿ ಪುಡಿ ತಗೊಳ್ಳಬಹುದಾ ಅಂತ ಕೇಳಿದರು. ಈ ಕಾಯಿಲೆ ಇದ್ದವರು ಕೇಳದೆ ತಗೊಳ್ಳಬೇಡಿ. ಗ್ರಾನ್ಯುಲೋಮಾದ ಕೋಶಗಳು ತಾವೇ ವಿಟಮಿನ್ ಡಿಯನ್ನು ಚುರುಕು ರೂಪಕ್ಕೆ ತಿರುಗಿಸುತ್ತವೆ, ಅದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು, ಕಿಡ್ನಿಗೆ ತೊಂದರೆ ಆಗಬಹುದು. ಮೊದಲು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ, ಆಮೇಲೆ ಮಾತ್ರೆ.

ಕೊನೆಗೆ ಒಬ್ಬ ಹುಡುಗ, ಅವನ ಅಪ್ಪನಿಗೆ ಈ ಕಾಯಿಲೆ, ಮೇಣದ ಬ್ಲಾಕನ್ನು ಮನೆಗೆ ತಂದು ಇಡಬಹುದಾ ಅಂತ ಕೇಳಿದ. ಸಾಧ್ಯವಾದಷ್ಟೂ ಲ್ಯಾಬಿನಲ್ಲೇ ಇರಲಿ, ಬ್ಲಾಕ್ ನಂಬರನ್ನು ರಿಪೋರ್ಟಿನಿಂದ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನೊಂದು ಆಸ್ಪತ್ರೆಯ ಅಭಿಪ್ರಾಯಕ್ಕೆ ಬೇಕಾದರೆ ಕೇಳಿ ಪಡೆಯಬಹುದು, ಕೊಟ್ಟದ್ದಕ್ಕೆ ತಗೊಂಡದ್ದಕ್ಕೆ ಸಹಿ ಇರಲಿ. ಮನೆಯಲ್ಲಿ ಇಡಲೇಬೇಕಾಗಿ ಬಂದರೆ ಗಾಳಿಯಾಡದ ಡಬ್ಬಿಯಲ್ಲಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಆ ಮೇಣ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಆದರೆ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಇಲಿ, ಜಿರಳೆಗೂ ಮೇಣ ಇಷ್ಟ. ಅಪ್ಪನ ಮುಂದಿನ ತಪಾಸಣೆಗೆ ಹೋಗುವಾಗ ಬ್ಲಾಕ್ ನಂಬರ್ ಜೊತೆಗೆ ಮೊದಲ ದಿನದ ಎಕ್ಸರೇ ಫಿಲ್ಮನ್ನೂ ತಗೊಂಡು ಹೋಗು ಅಂತ ಅವನಿಗೆ ಹೇಳಿದೆ. ರಿಪೋರ್ಟ್ ಕಾಗದ ಸಾಲುವುದಿಲ್ಲ, ಫಿಲ್ಮೇ ಬೇಕು.